ಅನ್ವರ್ಥದ ಭ್ರಮೆ: ಉನ್ನತ ಗಣಿತದ ಹೆಸರುಗಳು ಮತ್ತು ಕನ್ನಡ ಪರಿಭಾಷೆ

1. ಪೀಠಿಕೆ

ಶಾಸ್ತ್ರಗಳಲ್ಲೆಲ್ಲ ಗಣಿತದ ಭಾಷೆಯೇ ಅತ್ಯಂತ ನಿಖರವಾದುದು ಎಂಬ ನಂಬಿಕೆ ವ್ಯಾಪಕವಾಗಿದೆ. ವ್ಯಾಖ್ಯೆಗಳ ಮಟ್ಟಿಗೆ ಇದು ನಿಜ. ಆ ವ್ಯಾಖ್ಯೆಗಳಿಗೆ ಇಟ್ಟಿರುವ ಹೆಸರುಗಳ ಮಟ್ಟಿಗೆ ನಿಜವಲ್ಲ. ಒಂದೇ ಹೆಸರು ಐದಾರು ಪರಿಕಲ್ಪನೆಗಳಿಗೆ ಸಲ್ಲುವುದು, ಒಂದೇ ಪರಿಕಲ್ಪನೆಗೆ ಮೂರು ನಾಲ್ಕು ಹೆಸರುಗಳಿರುವುದು, ವಿರುದ್ಧಾರ್ಥಕಗಳಂತೆ ತೋರುವ ಎರಡು ಪದಗಳು ಒಂದೇ ವಸ್ತುವಿಗೆ ಏಕಕಾಲದಲ್ಲಿ ಅನ್ವಯಿಸುವುದು, ಒಬ್ಬ ಗ್ರಂಥಕಾರನ ಹೆಸರುಗಳು ಇನ್ನೊಬ್ಬನಲ್ಲಿ ಅದಲುಬದಲಾಗುವುದು - ಇವೆಲ್ಲ ಉನ್ನತ ಗಣಿತದಲ್ಲಿ ದಿನನಿತ್ಯದ ಸಂಗತಿಗಳು. ಗಣಿತಜ್ಞರು ಇದನ್ನು ಅಭ್ಯಾಸಬಲದಿಂದ ದಾಟಿಹೋಗುತ್ತಾರೆ. ಆ ಹೆಸರುಗಳನ್ನು ಕನ್ನಡಕ್ಕೆ ತರಲು ಹೊರಟವರು ಹಾಗೆ ದಾಟಿಹೋಗಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಅರೆಮರೆವಿನಲ್ಲಿ ಉಳಿದಿರುವ ತೊಡಕು ಅನುವಾದದ ಹೊತ್ತಿಗೆ ಮತ್ತೆ ಎಚ್ಚರಗೊಂಡು ಎದುರು ನಿಲ್ಲುತ್ತದೆ.

ಪರಿಭಾಷೆಯನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆದಿದೆ: ಪದವು ಸಂಸ್ಕೃತದ್ದಾಗಿರಬೇಕೆ, ಅಚ್ಚಗನ್ನಡದ್ದಾಗಿರಬೇಕೆ, ಇಂಗ್ಲಿಷಿನದೇ ಆಗಿರಬೇಕೆ? ಈ ಪ್ರಶ್ನೆಯ ಹಿಂದೆ, ಪದ ಸುಲಭವಾಗಿದ್ದರೆ, ಕೇಳಿದೊಡನೆ ಅರ್ಥ ಹೊಳೆಯುವಂತಿದ್ದರೆ, ಪರಿಕಲ್ಪನೆಯೂ ಸುಲಭವಾಗುತ್ತದೆ ಎಂಬ ಗ್ರಹಿಕೆ ಕೆಲಸಮಾಡುತ್ತಿದೆ. ಪ್ರಸ್ತುತ ಲೇಖನ ಈ ಗ್ರಹಿಕೆಯನ್ನು ಪರೀಕ್ಷಿಸುತ್ತದೆ. ಗಣಿತದಲ್ಲಿ ಓದುಗನನ್ನು ದಾರಿ ತಪ್ಪಿಸುವುದು ಅರ್ಥವಾಗದ ಹೆಸರಲ್ಲ, ಅರ್ಥವಾದಂತೆ ತೋರುವ ಹೆಸರು ಎಂಬುದು ಇಲ್ಲಿಯ ಪ್ರತಿಪಾದನೆ.

2. ಮೂರು ಬಗೆಯ ಹೆಸರು

ಕನ್ನಡ ವ್ಯಾಕರಣವು ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರಾಗಿ ವಿಂಗಡಿಸುತ್ತದೆ. ಕೇಶಿರಾಜನ ಕಾಲದಿಂದ ಬಂದಿರುವ ಈ ವಿಂಗಡಣೆ ಗಣಿತದ ಹೆಸರುಗಳ ವಿವೇಚನೆಗೆ ಚೆನ್ನಾಗಿ ಒದಗುತ್ತದೆ. ಅಬೆಲಿಯನ್ ಗ್ರೂಪ್, ಹೌಸ್‌ಡಾರ್ಫ್ ಸ್ಪೇಸ್ ಎಂಬಂತಹವು ವ್ಯಕ್ತಿಯ ಹೆಸರಿನಿಂದಾದ ಅಂಕಿತನಾಮಗಳು. ಗ್ರೂಪ್, ರಿಂಗ್ ಎಂಬಂತಹವು ಬಳಕೆಯಿಂದ ನಿಂತ ರೂಢನಾಮಗಳು. ಅರ್ಥಕ್ಕೆ ಅನುಗುಣವಾಗಿ ಬಂದವು ಅನ್ವರ್ಥನಾಮಗಳು. ‘ತ್ರಿಭುಜ’ ಎಂಬ ಹೆಸರು ಕೇಳಿದೊಡನೆ ಮೂರು ಭುಜಗಳ ಆಕೃತಿ ಕಣ್ಣಿಗೆ ಬರುತ್ತದೆ.

ಅಂಕಿತನಾಮಗಳಿಂದ ಪರಿಕಲ್ಪನೆಯ ಅರ್ಥ ಕೆಡುವುದಿಲ್ಲ. ಕೆಟ್ಟರೆ ಚರಿತ್ರೆ ಕೆಡುತ್ತದೆ. ‘ಪೆಲ್ ಸಮೀಕರಣ’ ಇದಕ್ಕೆ ಪ್ರಸಿದ್ಧ ನಿದರ್ಶನ. ಆಯ್ಲರನು ತಪ್ಪಾಗಿ ಜಾನ್ ಪೆಲ್‌ನ ಹೆಸರಿಗೆ ಹಚ್ಚಿದ ಈ ಸಮೀಕರಣವನ್ನು ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿಯೇ ‘ವರ್ಗಪ್ರಕೃತಿ’ಯೆಂಬ ಪ್ರಕರಣದಲ್ಲಿ ವಿವೇಚಿಸಿದ್ದನು, 12ನೆಯ ಶತಮಾನದ ಭಾಸ್ಕರಾಚಾರ್ಯನು ಚಕ್ರವಾಳವೆಂಬ ಪರಿಹಾರಕ್ರಮವನ್ನು ನಿರೂಪಿಸಿದನು. ಹಾಗೆಯೇ ಲೋಪಿತಾಲನ ಹೆಸರಿನ ನಿಯಮವನ್ನು ಕಂಡವನು ಯೋಹಾನ್ ಬೆರ್ನೂಲಿ. ಅದು 1696ರಲ್ಲಿ ಲೋಪಿತಾಲನ ಗ್ರಂಥದಲ್ಲಿ ಪ್ರಕಟವಾಯಿತು. ಛಂದಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾತ್ರಾವೃತ್ತಗಳ ಎಣಿಕೆಯ ಮೂಲಕ ಪರಿಚಿತವಾದ, ವಿರಹಾಂಕ ಮತ್ತು ಹೇಮಚಂದ್ರರಲ್ಲಿ ದೊರೆಯುವ ಸಂಖ್ಯಾಶ್ರೇಣಿಯು ಫಿಬೊನಾಚಿಯ ಹೆಸರಿನಲ್ಲಿ ನಿಂತಿರುವುದೂ ಇದೇ ಬಗೆಯದು. ಈ ಹೆಸರುಗಳು ಅನ್ಯಾಯದವು. ಆದರೆ ಗಣಿತವನ್ನು ಕಲಿಯುವವನಿಗೆ ತೊಡಕಿನವಲ್ಲ. ಪೆಲ್ ಎಂಬ ಪದದಿಂದ ಅವನು ಯಾವ ತಪ್ಪು ಲಕ್ಷಣವನ್ನೂ ಊಹಿಸಿಕೊಳ್ಳುವುದಿಲ್ಲ.

ಅರ್ಥಶೂನ್ಯವಾದ ಸಂಜ್ಞೆಗಳಿಂದಲೂ ಹಾನಿಯಿಲ್ಲ ಎಂಬುದಕ್ಕೆ ನಮ್ಮ ವ್ಯಾಕರಣ ಪರಂಪರೆಯೇ ಸಾಕ್ಷಿ. ಪಾಣಿನಿಯು ‘ಘು’, ‘ಟಿ’, ‘ಭ’ ಎಂಬ ಯಾವ ಲೋಕಾರ್ಥವೂ ಇಲ್ಲದ ಸಂಜ್ಞೆಗಳನ್ನೂ, ‘ಸರ್ವನಾಮ’, ‘ಅವ್ಯಯ’ ಎಂಬ ಅನ್ವರ್ಥ ಸಂಜ್ಞೆಗಳನ್ನೂ ಒಟ್ಟಿಗೇ ಬಳಸುತ್ತಾನೆ. ‘ಘು’ ಎಂದರೇನೆಂದು ತಿಳಿಯದವನು ಸೂತ್ರವನ್ನು ನೋಡಬೇಕು. ನೋಡಿದ ಮೇಲೆ ಸಂದೇಹಕ್ಕೆ ಎಡೆಯಿಲ್ಲ. ಅದೇ ‘ಗುಣ’ ಎಂಬ ಸಂಜ್ಞೆಯ ವಿಷಯ ಬೇರೆ. ಗುಣಸಂಧಿಯಲ್ಲಿ ಯಾವ ಗುಣವಿದೆ ಎಂದು ಕೇಳುವ ವಿದ್ಯಾರ್ಥಿ ತಪ್ಪು ಪ್ರಶ್ನೆಯನ್ನೇನೂ ಕೇಳುತ್ತಿಲ್ಲ. ಪದವೇ ಅವನನ್ನು ಹಾಗೆ ಕೇಳಿಸುತ್ತಿದೆ. ಅ, ಏ, ಓ ಎಂಬ ಮೂರು ಸ್ವರಗಳಿಗೆ ಇಟ್ಟ ಹೆಸರದು ಎಂದು ಗೊತ್ತಾದ ಮೇಲೆಯೇ ಗೊಂದಲ ನಿಲ್ಲುವುದು.

ಉನ್ನತ ಗಣಿತದ ತೊಡಕಿನ ನೆಲೆ ಇಲ್ಲಿದೆ. ಅನ್ವರ್ಥದಂತೆ ಕಾಣುವ, ಆದರೆ ವಾಸ್ತವದಲ್ಲಿ ರೂಢವಾಗಿರುವ ಹೆಸರುಗಳು ಅಲ್ಲಿ ಹೇರಳವಾಗಿವೆ. ಇಂತಹ ಹೆಸರು ಲೋಕದ ಮಾತಿನಿಂದ ಬರುವಾಗ ಒಂಟಿಯಾಗಿ ಬರುವುದಿಲ್ಲ. ತನ್ನ ವಿರುದ್ಧಪದ, ತನ್ನ ತರತಮ, ತನ್ನ ವಿಶೇಷಣ-ವಿಶೇಷ್ಯ ಸಂಬಂಧ ಇವೆಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ವ್ಯಾಖ್ಯೆಯು ಪದದ ಅರ್ಥವನ್ನು ಬದಲಾಯಿಸುತ್ತದೆ. ಆ ಸಂಬಂಧಗಳನ್ನು ಓದುಗನ ಮನಸ್ಸಿನಿಂದ ತೆಗೆಯುವುದಿಲ್ಲ.

3. ‘ನಾರ್ಮಲ್’: ಒಂದು ಹೆಸರಿನ ಹಲವು ಸಂಸಾರ

ಮೊದಲ ನಿದರ್ಶನವಾಗಿ ‘ನಾರ್ಮಲ್’ ಎಂಬ ಪದವನ್ನು ನೋಡಬಹುದು. ಇದರ ಮೂಲವಾದ ‘ನೋರ್ಮಾ’ ಎಂಬ ಲ್ಯಾಟಿನ್ ಪದಕ್ಕೆ ಬಡಗಿಯ ಮೂಲೆಮಟ್ಟ ಎಂದು ಅರ್ಥ. ಆದ್ದರಿಂದ ವಕ್ರರೇಖೆಯೊಂದಕ್ಕೆ ಲಂಬವಾದ ರೇಖೆಯನ್ನು ನಾರ್ಮಲ್ ಎಂದು ಕರೆಯುವುದು ಮೂಲಾರ್ಥಕ್ಕೆ ಹತ್ತಿರವಾದ ಬಳಕೆ. ಮೂಲೆಮಟ್ಟಕ್ಕೆ ಸರಿಯಾದದ್ದು ನಿಯಮಬದ್ಧವಾದದ್ದು, ನಿಯಮಬದ್ಧವಾದದ್ದು ಸಹಜವಾದದ್ದು, ಹೀಗೆ ಅರ್ಥವಿಸ್ತಾರ ಹೊಂದಿ ಪದವು ‘ಸಾಮಾನ್ಯ’ ಎಂಬ ಇಂದಿನ ಲೋಕಾರ್ಥಕ್ಕೆ ಬಂದಿದೆ. ಗಣಿತವು ಈ ಎರಡೂ ತುದಿಗಳಿಂದ ಪದವನ್ನು ಎತ್ತಿಕೊಂಡಿದೆ.

ಗ್ರೂಪ್ ಸಿದ್ಧಾಂತದಲ್ಲಿ ನಾರ್ಮಲ್ ಸಬ್‌ಗ್ರೂಪ್ ಎಂದರೆ, ಗ್ರೂಪಿನ ಯಾವ ಘಟಕದಿಂದ ಎಡಗಡೆಯಿಂದ ಗುಣಿಸಿದರೂ ಬಲಗಡೆಯಿಂದ ಗುಣಿಸಿದರೂ ಒಂದೇ ಗಣ ದೊರೆಯುವಂತಹ ಸಬ್‌ಗ್ರೂಪ್. ಇದು ಸಾಮಾನ್ಯ ಸ್ಥಿತಿಯಲ್ಲ, ವಿಶೇಷ ಸ್ಥಿತಿ. ಇದೇ ಪರಿಕಲ್ಪನೆಗೆ ‘ಇನ್ವೇರಿಯಂಟ್’ ಎಂಬ ಹೆಸರೂ ಇದೆ. ಫ್ರೆಂಚರು ‘ಎದ್ದು ಕಾಣುವ’ ಎಂಬ ಅರ್ಥದ ಪದವನ್ನು ಬಳಸುತ್ತಾರೆ. ಅಂದರೆ ಒಂದು ಭಾಷೆಯಲ್ಲಿ ‘ಸಾಮಾನ್ಯ’ವೆನಿಸಿದ್ದು ಇನ್ನೊಂದು ಭಾಷೆಯಲ್ಲಿ ‘ವಿಶಿಷ್ಟ’ವೆನಿಸಿದೆ. ಮ್ಯಾಟ್ರಿಕ್ಸ್‌ಗಳಲ್ಲಿ ನಾರ್ಮಲ್ ಎಂಬುದು ಬೇರೊಂದು ಲಕ್ಷಣ, ಟೊಪಾಲಜಿಯಲ್ಲಿ ಮತ್ತೊಂದು. ಸಂಖ್ಯಾಶಾಸ್ತ್ರದ ನಾರ್ಮಲ್ ವಿತರಣೆಯ ಹೆಸರನ್ನು ಬಳಕೆಗೆ ತಂದವರಲ್ಲಿ ಪ್ರಮುಖನಾದ ಕಾರ್ಲ್ ಪಿಯರ್‌ಸನ್ನನೇ 1920ರಲ್ಲಿ, ಈ ಹೆಸರಿನಿಂದಾಗಿ ಉಳಿದ ವಿತರಣೆಗಳೆಲ್ಲ ಅಸಹಜವೆಂದು ಜನ ಭಾವಿಸುವಂತಾಯಿತೆಂದು ಹೇಳಿಕೊಂಡಿದ್ದಾನೆ. ಎಮಿಲ್ ಬೊರೆಲ್ 1909ರಲ್ಲಿ ನಿರೂಪಿಸಿದ ನಾರ್ಮಲ್ ಸಂಖ್ಯೆಗಳ ಸ್ಥಿತಿ ಇನ್ನೂ ವಿಚಿತ್ರ. ದಶಮಾಂಶ ವಿಸ್ತರಣೆಯಲ್ಲಿ ಎಲ್ಲ ಅಂಕಿಗಳೂ ಅಂಕಿಗಳ ಎಲ್ಲ ಜೋಡಣೆಗಳೂ ಸಮಪ್ರಮಾಣದಲ್ಲಿ ಬರುವ, ಬೇರೆ ಆಧಾರಸಂಖ್ಯೆಗಳಲ್ಲಿ ಬರೆದಾಗಲೂ ಹಾಗೆಯೇ ಇರುವ ಸಂಖ್ಯೆಗಳಿವು. ಅಳತೆಯ ದೃಷ್ಟಿಯಿಂದ ಬಹುತೇಕ ಎಲ್ಲ ವಾಸ್ತವ ಸಂಖ್ಯೆಗಳೂ ನಾರ್ಮಲ್ ಎಂದು ಬೊರೆಲ್ ಸಾಧಿಸಿದನು. ಆದರೆ ನಮಗೆ ಅತ್ಯಂತ ಪರಿಚಿತವಾದ ಪೈ ಆಗಲಿ, 2ರ ವರ್ಗಮೂಲವಾಗಲಿ ನಾರ್ಮಲ್ ಎಂದು ಇಂದಿನವರೆಗೂ ಸಾಧಿತವಾಗಿಲ್ಲ.

ಇಂಗ್ಲಿಷ್-ಕನ್ನಡ ಪಾರಿಭಾಷಿಕ ಕೋಶವೊಂದರಲ್ಲಿ ‘ನಾರ್ಮಲ್’ ಎಂಬುದು ಒಂದು ನಮೂದು. ಅದರ ಎದುರು ‘ಸಾಮಾನ್ಯ’ ಎಂದೋ ‘ಲಂಬ’ ಎಂದೋ ಬರೆದರೆ ಮೇಲಿನ ಸಂಗತಿಗಳಲ್ಲಿ ಬಹುಪಾಲು ತಪ್ಪಾಗುತ್ತದೆ. ಹಾಗಾದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಕನ್ನಡ ಪದ ಕೊಡುವುದೇ ಪರಿಹಾರವೆ? ಅಷ್ಟು ಸುಲಭವಲ್ಲ. ಗಾಲ್ವಾ ಸಿದ್ಧಾಂತದಲ್ಲಿ ನಾರ್ಮಲ್ ಸಬ್‌ಗ್ರೂಪ್ ಮತ್ತು ನಾರ್ಮಲ್ ವಿಸ್ತರಣೆ ಎಂಬ ಎರಡು ಪರಿಕಲ್ಪನೆಗಳು ಒಂದಕ್ಕೊಂದು ನೇರವಾಗಿ ಹೊಂದಿಕೊಳ್ಳುತ್ತವೆ. ಒಂದು ಗಾಲ್ವಾ ವಿಸ್ತರಣೆಯ ನಡುವಣ ರಚನೆ ನಾರ್ಮಲ್ ಆಗಬೇಕಾದರೆ ಅದಕ್ಕೆ ಪ್ರತಿಯಾಗಿ ನಿಲ್ಲುವ ಸಬ್‌ಗ್ರೂಪ್ ನಾರ್ಮಲ್ ಆಗಿರಬೇಕು. ಇದರ ವಿಲೋಮವೂ ನಿಜ. ಇಲ್ಲಿ ಹೆಸರಿನ ಏಕತೆ ಆಕಸ್ಮಿಕವಲ್ಲ. ಅದು ಪ್ರಮೇಯದ ಒಂದು ಭಾಗವನ್ನೇ ಹೇಳುತ್ತದೆ. ಇವೆರಡಕ್ಕೆ ಎರಡು ಪದ ಕೊಟ್ಟರೆ ಕನ್ನಡ ಓದುಗನಿಗೆ ಆ ಸಂಬಂಧ ಕಾಣದಂತಾಗುತ್ತದೆ. ಆದ್ದರಿಂದ ಎಲ್ಲಿ ಒಡೆಯಬೇಕು, ಎಲ್ಲಿ ಕೂಡಿಸಿಡಬೇಕು ಎಂಬುದನ್ನು ಪದವು ತಾನೇ ಹೇಳಲಾರದು. ಪರಿಕಲ್ಪನೆಗಳ ಸಂಬಂಧವೇ ಹೇಳಬೇಕು.

4. ವಿರುದ್ಧಪದಗಳ ಭ್ರಮೆ

ಟೊಪಾಲಜಿಯನ್ನು ಹೊಸದಾಗಿ ಕಲಿಯುವವರಿಗೆ ಮೊದಲು ಎದುರಾಗುವ ತೊಡಕು ‘ತೆರೆದ ಗಣ’ ಮತ್ತು ‘ಮುಚ್ಚಿದ ಗಣ’ಗಳದು. ತೆರೆದದ್ದು ಮುಚ್ಚಿಲ್ಲ, ಮುಚ್ಚಿದ್ದು ತೆರೆದಿಲ್ಲ ಎಂಬುದು ಬಾಗಿಲಿನ ನ್ಯಾಯ. ಗಣಗಳಿಗೆ ಈ ನ್ಯಾಯ ಸಲ್ಲದು. ಒಂದು ಗಣದ ಪೂರಕವು ತೆರೆದ ಗಣವಾಗಿದ್ದರೆ ಮೂಲಗಣವು ಮುಚ್ಚಿದ್ದು ಎಂಬುದಷ್ಟೇ ವ್ಯಾಖ್ಯೆ. ಇದರಂತೆ ವಾಸ್ತವ ಸಂಖ್ಯಾರೇಖೆಯ ಮೇಲೆ 0 ಮತ್ತು 1ರ ನಡುವಣ, 0ಯನ್ನು ಒಳಗೊಂಡು 1ನ್ನು ಬಿಟ್ಟ ಅಂತರವು ತೆರೆದದ್ದೂ ಅಲ್ಲ, ಮುಚ್ಚಿದ್ದೂ ಅಲ್ಲ. ಶೂನ್ಯಗಣವೂ ಇಡೀ ಸಂಖ್ಯಾರೇಖೆಯೂ ತೆರೆದವೂ ಹೌದು, ಮುಚ್ಚಿದವೂ ಹೌದು. ‘ಈ ಗಣ ತೆರೆದಿಲ್ಲ, ಆದ್ದರಿಂದ ಮುಚ್ಚಿದೆ’ ಎಂದು ವಿದ್ಯಾರ್ಥಿ ಬರೆದರೆ ಅವನು ತರ್ಕದಲ್ಲಿ ತಪ್ಪಿದ್ದಲ್ಲ, ಭಾಷೆಯನ್ನು ನಂಬಿದ್ದು. ಮುಚ್ಚಿದ ಗಣದ ಕಲ್ಪನೆಯನ್ನು ಕ್ಯಾಂಟರ್ 1880ರ ದಶಕದಲ್ಲಿ ಮಂಡಿಸಿದಾಗ ಸೀಮಾಬಿಂದುಗಳೆಲ್ಲ ಗಣದೊಳಗೇ ಇರುವುದನ್ನು ಅದು ಸೂಚಿಸುತ್ತಿತ್ತು. ‘ತೆರೆದ’ ಎಂಬ ಹೆಸರು ಅನಂತರ ಬಂದು ಅದರ ಪಕ್ಕದಲ್ಲಿ ನಿಂತಿತು. ಎರಡೂ ಬೇರೆ ಬೇರೆಯಾಗಿ ನಿರಪಾಯಕಾರಿ, ಜೊತೆಯಾದಾಗ ಅಪಾಯಕಾರಿ.

ಇವಕ್ಕೆ ಸಂಸ್ಕೃತದಿಂದ ‘ವಿವೃತ’, ‘ಸಂವೃತ’ ಎಂಬ ಪದಗಳನ್ನು ತಂದರೆ ಸಮಸ್ಯೆ ಬಗೆಹರಿಯುವುದೆ? ಹಿಂದಿಯ ಪರಿಭಾಷೆಯಲ್ಲಿ ಇವು ಬಳಕೆಯಲ್ಲಿವೆ. ಆದರೆ ಕನ್ನಡ ವಿಭಾಗದ ಓದುಗರಿಗೆ ಈ ಜೋಡಿ ಧ್ವನಿಶಾಸ್ತ್ರದಿಂದ ಪರಿಚಿತ. ಅಲ್ಲಿ ವಿವೃತ ಸ್ವರ ಮತ್ತು ಸಂವೃತ ಸ್ವರಗಳು ಒಂದೇ ಮಾಪನದ ಎರಡು ತುದಿಗಳು. ನಡುವೆ ಅರ್ಧವಿವೃತ, ಅರ್ಧಸಂವೃತಗಳಿವೆ. ಅಂದರೆ ವಿರೋಧದ ಜೊತೆಗೆ ತರತಮವೂ ಸೇರಿಕೊಂಡು ಭ್ರಮೆ ಇಮ್ಮಡಿಯಾಗುತ್ತದೆ. ಸಂಸ್ಕೃತ ಪದವೆಂಬ ಕಾರಣಕ್ಕೆ ಅದು ಲೋಕಾರ್ಥದಿಂದ ಮುಕ್ತವಾಗಿರುವುದಿಲ್ಲ. ಇತ್ತ ‘ತೆರೆದ ಗಣ’ ಎಂಬುದರಲ್ಲಿ ಕನ್ನಡ-ಸಂಸ್ಕೃತಗಳ ಮಿಶ್ರಣವಿರುವುದರಿಂದ ಅರಿಸಮಾಸದ ಆಕ್ಷೇಪ ಬರಬಹುದೆಂದು ಅಂಜಬೇಕಾಗಿಲ್ಲ. ಕೃದಂತ ಪೂರ್ವಪದವಾಗಿರುವ ಗಮಕಸಮಾಸಕ್ಕೆ ಆ ದೋಷ ತಟ್ಟದು. ಇಲ್ಲಿ ಪದದ ಕುಲ ಮುಖ್ಯವಲ್ಲ. ಎರಡು ಪದಗಳು ಪರಸ್ಪರ ವಿರುದ್ಧಾರ್ಥಕಗಳಲ್ಲವೆಂದು ನಮೂದಿನಲ್ಲಿಯೇ ಹೇಳುವುದು ಮುಖ್ಯ.

5. ವಿಶೇಷಣವು ವಿಶೇಷ್ಯವನ್ನು ಮೀರಿದಾಗ

ಕರ್ಮಧಾರಯದಲ್ಲಿ ವಿಶೇಷಣದ ಕೆಲಸ ವಿಶೇಷ್ಯದ ವ್ಯಾಪ್ತಿಯನ್ನು ಕುಗ್ಗಿಸುವುದು. ಕೆಂದಾವರೆಗಳೆಲ್ಲ ತಾವರೆಗಳೇ, ತಾವರೆಗಳೆಲ್ಲ ಕೆಂದಾವರೆಗಳಲ್ಲ. ಗಣಿತದ ಹಲವು ಹೆಸರುಗಳು ಈ ಕ್ರಮವನ್ನು ಮುರಿಯುತ್ತವೆ. ‘ಸ್ಕ್ಯೂ ಫೀಲ್ಡ್’ ಎಂಬುದು ಫೀಲ್ಡ್‌ಗಳ ಒಂದು ಬಗೆಯಲ್ಲ. ಗುಣಾಕಾರದಲ್ಲಿ ಪರಿವರ್ತನೀಯ ನಿಯಮವನ್ನು ಕಡ್ಡಾಯವಾಗಿ ಬೇಡದಿರುವ ಹೆಚ್ಚು ವ್ಯಾಪಕವಾದ ರಚನೆ ಅದು. ಕನ್ನಡದಲ್ಲಿ ಒಂದೇ ಪ್ರಾಣಿಗೆ ನೀರಾನೆಯೆಂದೂ ನೀರ್ಗುದುರೆಯೆಂದೂ ಹೆಸರಿದೆ. ಅದು ಆನೆಯೂ ಅಲ್ಲ, ಕುದುರೆಯೂ ಅಲ್ಲ. ಕಂಡ ಪ್ರಾಣಿಯ ವಿಷಯದಲ್ಲಿ ಇದರಿಂದ ಯಾರಿಗೂ ಮೋಸವಾಗುವುದಿಲ್ಲ. ಕಾಣದ ರಚನೆಗಳ ವಿಷಯದಲ್ಲಿ ಹೆಸರೊಂದೇ ಕೈಗೆ ಸಿಗುವ ಹಿಡಿ, ಅಲ್ಲಿ ಮೋಸವಾಗುತ್ತದೆ.

ನಿಷೇಧದ ಉಪಸರ್ಗವುಳ್ಳ ಹೆಸರುಗಳಲ್ಲಿ ಈ ತೊಡಕು ಇನ್ನೂ ಸೂಕ್ಷ್ಮವಾಗಿದೆ. ‘ಸಹವರ್ತನೀಯವಲ್ಲದ ಬೀಜಗಣಿತ’ ಎಂದರೆ ಸಹವರ್ತನೀಯ ನಿಯಮ ಅಲ್ಲಿ ಖಂಡಿತ ಇಲ್ಲವೆಂದು ಓದುಗ ತಿಳಿಯುತ್ತಾನೆ. ಗಣಿತಜ್ಞನ ಆಶಯ ಹಾಗಲ್ಲ. ಆ ನಿಯಮ ಇದ್ದರೂ ಇರಬಹುದು, ಇರಲೇಬೇಕೆಂಬ ನಿರ್ಬಂಧವಿಲ್ಲ ಎಂಬುದಷ್ಟೇ ಅವನ ಆಶಯ. ಹೀಗಾಗಿ ಸಹವರ್ತನೀಯವಾದ ಬೀಜಗಣಿತಗಳೆಲ್ಲ ‘ಸಹವರ್ತನೀಯವಲ್ಲದ’ವುಗಳ ಗುಂಪಿನೊಳಗೇ ಬರುತ್ತವೆ. ಸಂಸ್ಕೃತ ವ್ಯಾಕರಣ ಪರಂಪರೆ ‘ನಞ್’ಗೆ ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತೆ, ಅಪ್ರಾಶಸ್ತ್ಯ, ವಿರೋಧ ಎಂಬ ಆರು ಅರ್ಥಗಳನ್ನು ಎಣಿಸಿದೆ. ಗಣಿತದ ಈ ನಿಷೇಧ ಆರರಲ್ಲಿ ಯಾವುದಕ್ಕೂ ಸೇರದು; ಇದು ನಿರ್ಬಂಧವನ್ನು ಸಡಿಲಿಸುವ ನಿಷೇಧ. ಕನ್ನಡವು ಇಲ್ಲಿ ಇಂಗ್ಲಿಷಿನ ಉಪಸರ್ಗವನ್ನು ‘ಅ’ಕಾರದಿಂದ ಅನುಕರಿಸಬೇಕಾದ ಅಗತ್ಯವಿಲ್ಲ. ‘ಸಹವರ್ತನ ನಿರಪೇಕ್ಷ’ ಎಂಬಂತಹ ರಚನೆ ಆ ನಿಯಮವನ್ನು ಅಪೇಕ್ಷಿಸದಿರುವುದನ್ನು ಹೇಳುತ್ತದೆಯೇ ಹೊರತು ನಿರಾಕರಿಸುವುದಿಲ್ಲ. ಅನುವಾದವು ಮೂಲಕ್ಕಿಂತ ಸ್ಪಷ್ಟವಾಗಬಹುದಾದ ಸ್ಥಾನಗಳಲ್ಲಿ ಇದು ಒಂದು.

6. ಗ್ರಂಥದಿಂದ ಗ್ರಂಥಕ್ಕೆ

ಇದುವರೆಗೆ ನೋಡಿದ ಹೆಸರುಗಳು ದಾರಿತಪ್ಪಿಸಿದರೂ ಗಣಿತಜ್ಞರ ನಡುವೆ ಸ್ಥಿರವಾಗಿವೆ. ಕೆಲವು ಹೆಸರುಗಳಿಗೆ ಆ ಸ್ಥಿರತೆಯೂ ಇಲ್ಲ. ಟೊಪಾಲಜಿಯಲ್ಲಿ ಬಿಂದುಗಳನ್ನೂ ಗಣಗಳನ್ನೂ ಎಷ್ಟರಮಟ್ಟಿಗೆ ಬೇರ್ಪಡಿಸಬಹುದು ಎಂಬುದನ್ನು ಹೇಳುವ ಷರತ್ತುಗಳ ಒಂದು ಶ್ರೇಣಿಯಿದೆ. ಬೇರ್ಪಡಿಕೆ ಎಂಬರ್ಥದ ಜರ್ಮನ್ ಪದದ ಮೊದಲಕ್ಷರವನ್ನು ಹಿಡಿದು ಇವನ್ನು ಟಿ-0, ಟಿ-1, ಟಿ-2, ಟಿ-3 ಎಂದು ಮುಂತಾಗಿ ಕರೆಯುತ್ತಾರೆ. ಒಂದು ಮುಚ್ಚಿದ ಗಣವನ್ನೂ ಅದರ ಹೊರಗಿನ ಒಂದು ಬಿಂದುವನ್ನೂ ಪರಸ್ಪರ ಛೇದಿಸದ ಎರಡು ತೆರೆದ ಗಣಗಳಿಂದ ಬೇರ್ಪಡಿಸಬಹುದು ಎಂಬುದು ಇವುಗಳಲ್ಲೊಂದು ಷರತ್ತು. ಜಾನ್ ಕೆಲ್ಲಿಯ 1955ರ ಗ್ರಂಥದಲ್ಲಿ ಇಷ್ಟು ಮಾತ್ರವಿದ್ದರೆ ‘ರೆಗ್ಯುಲರ್’. ಅದಕ್ಕೆ ಟಿ-1 ಕೂಡಿದರೆ ಟಿ-3. ಸ್ಟೀನ್ ಮತ್ತು ಸೀಬಾಕ್ ಅವರ 1970ರ ಗ್ರಂಥದಲ್ಲಿ ಇಷ್ಟು ಮಾತ್ರವಿದ್ದರೆ ಟಿ-3. ಅದಕ್ಕೆ ಟಿ-0 ಕೂಡಿದರೆ ‘ರೆಗ್ಯುಲರ್’. ಎರಡೂ ಪ್ರಮಾಣಗ್ರಂಥಗಳು, ಎರಡರಲ್ಲಿ ಹೆಸರುಗಳು ನೇರವಾಗಿ ಅದಲುಬದಲಾಗಿವೆ. ಅನ್ವರ್ಥದ ಯಾವ ನೆರಳೂ ಇಲ್ಲದ ‘ಟಿ-3’ ಎಂಬ ಸಂಕೇತಕ್ಕೂ ಹೀಗಾಗಿರುವುದರಿಂದ, ಅಪಾರದರ್ಶಕ ಹೆಸರು ತನ್ನಷ್ಟಕ್ಕೇ ರಕ್ಷಣೆಯಲ್ಲವೆಂದೂ ಗಮನಿಸಬೇಕು. ಆದರೆ ಒಂದು ವ್ಯತ್ಯಾಸವಿದೆ. ಟಿ-3 ಎಂಬುದನ್ನು ಕಂಡ ಓದುಗ ವ್ಯಾಖ್ಯೆಯನ್ನು ಹುಡುಕುತ್ತಾನೆ. ‘ರೆಗ್ಯುಲರ್’ ಎಂಬುದನ್ನು ಕಂಡವನು ತಿಳಿಯಿತೆಂದು ಮುಂದೆ ಹೋಗುತ್ತಾನೆ.

‘ಕಾಂಪ್ಯಾಕ್ಟ್’ ಎಂಬ ಪದದ ಚರಿತ್ರೆಯೂ ಇಂತಹದೇ. ಫ್ರೆಶೆಯ 1906ರ ಪ್ರಬಂಧದಲ್ಲಿ ಆ ಪದಕ್ಕಿದ್ದ ಅರ್ಥ ಬೇರೆ. ಇಂದು ಆ ಹೆಸರಿನಿಂದ ಕರೆಯುವುದನ್ನು ಅಲೆಕ್ಸಾಂಡ್ರಾಫ್ ಮತ್ತು ಯುರಿಸಾನ್ ‘ಬೈಕಾಂಪ್ಯಾಕ್ಟ್’ ಎಂದಿದ್ದರು. ಬೂರ್ಬಾಕಿ ಪಂಥದವರು ಅದಕ್ಕೆ ಹೌಸ್‌ಡಾರ್ಫ್ ಷರತ್ತನ್ನೂ ಸೇರಿಸಿ, ಆ ಷರತ್ತಿಲ್ಲದ್ದಕ್ಕೆ ಬೇರೆ ಹೆಸರಿಟ್ಟರು. ‘ರಿಂಗ್’ ಎಂಬುದರಲ್ಲಿ ಗುಣಾಕಾರದ ಏಕಘಟಕವಿರಬೇಕೆ ಎಂಬ ಬಗ್ಗೆಯೂ ಏಕಮತವಿಲ್ಲ. ಬೇಕಿಲ್ಲವೆನ್ನುವವರಿಗೆ ಸಮಸಂಖ್ಯೆಗಳ ಗಣವು ಒಂದು ರಿಂಗ್. ಬೇಕೆನ್ನುವವರಿಗೆ ಅದು ರಿಂಗ್ ಅಲ್ಲ. ಪರಿಣಾಮವಾಗಿ ಒಬ್ಬರ ಪುಸ್ತಕದ ಪ್ರಮೇಯ ಇನ್ನೊಬ್ಬರ ಪುಸ್ತಕದ ಭಾಷೆಯಲ್ಲಿ ಸುಳ್ಳಾಗಬಹುದು. ಶೂನ್ಯದ ಸ್ಥಾನವೂ ಹೀಗೆಯೇ. ಫ್ರೆಂಚ್ ಸಂಪ್ರದಾಯದಲ್ಲಿ ಶೂನ್ಯವು ಧನವೂ ಹೌದು, ಋಣವೂ ಹೌದು. ಇಂಗ್ಲಿಷ್ ಸಂಪ್ರದಾಯದಲ್ಲಿ ಎರಡೂ ಅಲ್ಲ.

ಶಾಸನಗಳ ಅಧ್ಯಯನ ಮಾಡಿದವರಿಗೆ ಇಂತಹ ಸ್ಥಿತಿ ಹೊಸದಲ್ಲ. ಭೂತಸಂಖ್ಯೆಗಳಲ್ಲಿ ‘ಲೋಕ’ವೆಂದರೆ ಮೂರೂ ಆಗಬಹುದು, ಏಳೂ ಆಗಬಹುದು, ಹದಿನಾಲ್ಕೂ ಆಗಬಹುದು, ‘ದಿಕ್ಕು’ ನಾಲ್ಕೂ ಎಂಟೂ ಹತ್ತೂ ಆಗಬಹುದು. ಕಾಲನಿರ್ಣಯ ಮಾಡುವ ವಿದ್ವಾಂಸರು ಪದವನ್ನಷ್ಟೇ ನಂಬದೆ ಸಂವತ್ಸರ, ತಿಥಿ, ವಾರಗಳೊಡನೆ ತಾಳೆನೋಡಿ ಬೆಲೆಯನ್ನು ನಿಶ್ಚಯಿಸುತ್ತಾರೆ. ಗಣಿತದ ಓದಿನಲ್ಲಿಯೂ ಬೇಕಾದ ಶಿಸ್ತು ಇದೇ: ಹೆಸರನ್ನು ವ್ಯಾಖ್ಯೆಯೊಡನೆ ತಾಳೆನೋಡುವುದು.

7. ಕನ್ನಡದೊಳಗಿನ ಸ್ಥಿತಿ

ಕನ್ನಡದ ಶಾಲಾ ಗಣಿತದಲ್ಲಿ ನಿಂತಿರುವ ಪದಗಳು ಈ ಗೊಂದಲದಿಂದ ಹೊರತಲ್ಲ. ಕೆಲವೆಡೆ ಅವು ಇಂಗ್ಲಿಷಿಗಿಂತ ಮೇಲಾಗಿಯೂ ಇವೆ. ವೃತ್ತದ ಎರಡು ಬಿಂದುಗಳನ್ನು ಸೇರಿಸುವ ರೇಖಾಖಂಡ ಕನ್ನಡದಲ್ಲಿ ‘ಜ್ಯಾ’. ಕೇಂದ್ರದಿಂದ ಪರಿಧಿಗಿರುವ ದೂರ ‘ತ್ರಿಜ್ಯ’. ಪದಗಳನ್ನು ಬಿಡಿಸಿ ನೋಡುವ ವಿದ್ಯಾರ್ಥಿಗೆ ತ್ರಿಜ್ಯವು ಮೂರು ಜ್ಯಾಗಳಿಗೆ ಸಂಬಂಧಿಸಿದ್ದೆಂದು ತೋರಬೇಕು. ನಿಜಸ್ಥಿತಿ ಬೇರೆ. ಜ್ಯಾ ಎಂದರೆ ಬಿಲ್ಲಿನ ಹೆದೆ. ಆರ್ಯಭಟನೇ ಮೊದಲಾದವರು ಕೋಷ್ಟಕಗಳಲ್ಲಿ ಬಳಸಿದ್ದು ಅರ್ಧಜ್ಯಾ. ಕಾಲಕ್ರಮದಲ್ಲಿ ‘ಅರ್ಧ’ ಬಿಟ್ಟುಹೋಗಿ ಅದಕ್ಕೂ ಜ್ಯಾ ಎಂಬ ಹೆಸರೇ ನಿಂತಿತು. ಮೂರು ರಾಶಿಗಳ, ಎಂದರೆ 90 ಅಂಶಗಳ ಜ್ಯಾ ವೃತ್ತದ ಅರ್ಧವ್ಯಾಸಕ್ಕೆ ಸಮವಾದ್ದರಿಂದ ಅದು ತ್ರಿಜ್ಯಾ ಆಯಿತು. ಇದೇ ಜ್ಯಾ, ‘ಜೀವಾ’ ಎಂಬ ರೂಪದ ಮೂಲಕ ಅರಬ್ಬಿಗೆ ಹೋಗಿ, ಅಲ್ಲಿ ‘ಮಡಿಲು’ ಎಂಬರ್ಥದ ಪದವಾಗಿ ಓದಲ್ಪಟ್ಟು, 12ನೆಯ ಶತಮಾನದ ಲ್ಯಾಟಿನ್ ಅನುವಾದಕರಲ್ಲಿ ‘ಸೈನಸ್’ ಆಗಿ, ‘ಸೈನ್’ ಎಂಬ ಹೆಸರಿನಲ್ಲಿ ಮರಳಿ ಬಂದಿದೆ. ಇಂದಿನ ಕನ್ನಡ ಪಠ್ಯಪುಸ್ತಕದಲ್ಲಿ ‘ಜ್ಯಾ’, ‘ತ್ರಿಜ್ಯ’, ‘ಸೈನ್’ ಮೂರೂ ಇವೆ. ಒಂದೇ ಮೂಲದವೆಂಬ ಸುಳಿವು ಎಲ್ಲಿಯೂ ಇಲ್ಲ.

‘ಗಣ’ ಎಂಬ ಪದ ಕನ್ನಡ ಅಧ್ಯಾಪಕರಿಗೆ ಹೆಚ್ಚು ಹತ್ತಿರದ ಉದಾಹರಣೆ. ಛಂದಸ್ಸಿನಲ್ಲಿ ಗಣವೆಂದರೆ ಕ್ರಮವೇ ಸರ್ವಸ್ವ. ಯಗಣ, ರಗಣ, ತಗಣಗಳು ಮೂರರಲ್ಲಿಯೂ ಇರುವುದು ಒಂದು ಲಘು, ಎರಡು ಗುರು. ಲಘು ಮೊದಲು ಬಂದರೆ ಯಗಣ, ನಡುವೆ ಬಂದರೆ ರಗಣ, ಕೊನೆಗೆ ಬಂದರೆ ತಗಣ. ಗಣಿತದ ಗಣದಲ್ಲಿ ಕ್ರಮಕ್ಕೆ ಬೆಲೆಯಿಲ್ಲ, ಪುನರಾವೃತ್ತಿಗೂ ಬೆಲೆಯಿಲ್ಲ. ಅದರ ಲೆಕ್ಕದಲ್ಲಿ ಈ ಮೂರೂ ಒಂದೇ: ಲಘು ಮತ್ತು ಗುರು ಎಂಬ ಎರಡು ಘಟಕಗಳ ಗಣ. ಒಂದೇ ಶಾಲೆಯಲ್ಲಿ, ಒಂದೇ ದಿನ, ಒಂದು ಪಿರಿಯಡ್ಡಿನಲ್ಲಿ ಕ್ರಮವೇ ಮುಖ್ಯವೆಂದೂ ಮುಂದಿನದರಲ್ಲಿ ಕ್ರಮ ಲೆಕ್ಕಕ್ಕಿಲ್ಲವೆಂದೂ ಒಂದೇ ಪದದಿಂದ ಕಲಿಯುವ ವಿದ್ಯಾರ್ಥಿಗೆ ಇಬ್ಬರು ಅಧ್ಯಾಪಕರಲ್ಲಿ ಒಬ್ಬರಾದರೂ ಈ ವ್ಯತ್ಯಾಸವನ್ನು ಹೇಳಬೇಕಾಗುತ್ತದೆ.

‘ಪೂರ್ಣಸಂಖ್ಯೆ’ ಮತ್ತು ‘ಪೂರ್ಣಾಂಕ’ಗಳ ಜೋಡಿಯೂ ಗಮನಾರ್ಹ. ಮೊದಲನೆಯದು 0ಯಿಂದ ಮುಂದಿನವು. ಎರಡನೆಯದು ಋಣಸಂಖ್ಯೆಗಳನ್ನೂ ಒಳಗೊಂಡದ್ದು. ಸಂಖ್ಯೆ ಮತ್ತು ಅಂಕ ಎಂಬ ಪದಗಳ ಲೋಕಾರ್ಥದಲ್ಲಿ ಈ ಭೇದಕ್ಕೆ ಯಾವ ಆಧಾರವೂ ಇಲ್ಲ. ಇವು ಅನ್ವರ್ಥದ ವೇಷದ ರೂಢನಾಮಗಳು.

ಇದಕ್ಕೆ ಪ್ರತಿಯಾಗಿ ‘ಅಭಾಗಲಬ್ಧ ಸಂಖ್ಯೆ’ ಎಂಬ ಹೆಸರನ್ನು ನೋಡಬಹುದು. ಇದರ ಇಂಗ್ಲಿಷ್ ಪದ ‘ಇರ‍್ರ್ಯಾಷನಲ್’ ಕೇಳುವವರಿಗೆ ವಿವೇಕಶೂನ್ಯವೆಂದು ತೋರುತ್ತದೆ. ಅದರೊಳಗಿನ ‘ಅನುಪಾತ’ದ ಅರ್ಥ ಮರೆಯಾಗಿದೆ. ಇದಕ್ಕೆ ಸಂಬಂಧಿಸಿದ ‘ಸರ್ಡ್’ ಎಂಬ ಪದವಂತೂ ‘ಕಿವುಡು’ ಎಂಬರ್ಥದ ಅರಬ್ಬಿ ಪದದ ಲ್ಯಾಟಿನ್ ಅನುವಾದದಿಂದ ಬಂದಿದೆ. ಎರಡು ಪೂರ್ಣಾಂಕಗಳ ಭಾಗಾಕಾರದಿಂದ ಲಭಿಸದ ಸಂಖ್ಯೆ ಎಂಬ ವ್ಯಾಖ್ಯೆಯನ್ನೇ ಕನ್ನಡದ ಹೆಸರು ಹೇಳುತ್ತದೆ. ಇಲ್ಲಿ ‘ಅ’ಕಾರದ ನಿಷೇಧ ನಿಜವಾದ ನಿಷೇಧವೇ. ಈ ಹೆಸರು ಯಶಸ್ವಿಯಾಗಲು ಕಾರಣ, ಅದನ್ನು ಮಾಡಿದವರು ಇಂಗ್ಲಿಷ್ ಪದವನ್ನು ಅನುವಾದಿಸದೆ ಪರಿಕಲ್ಪನೆಯನ್ನು ಹೆಸರಿಸಿದ್ದು.

‘ಫೀಲ್ಡ್’ ಎಂಬುದರಲ್ಲಿ ಇದರ ವಿರುದ್ಧ ದಾರಿಯ ಅಪಾಯ ಕಾಣುತ್ತದೆ. ಬೀಜಗಣಿತದ ಈ ರಚನೆಗೆ ಡೆಡೆಕಿಂಡ್ 1871ರಲ್ಲಿ ಇಟ್ಟ ಜರ್ಮನ್ ಹೆಸರಿನ ಅರ್ಥ ‘ಶರೀರ’. ಅಂಗಗಳೆಲ್ಲ ಸೇರಿ ತನ್ನಲ್ಲಿ ತಾನು ಪೂರ್ಣವಾದದ್ದು ಎಂಬ ಭಾವ ಅದರಲ್ಲಿದೆ. ಫ್ರೆಂಚರು ಅದನ್ನೇ ಅನುವಾದಿಸಿಕೊಂಡರು. ಇಂಗ್ಲಿಷಿನ ‘ಫೀಲ್ಡ್’ 1893ರಲ್ಲಿ ಇ.ಎಚ್. ಮೂರ್ ಬಳಸಿದ ಹೆಸರು. ಇದನ್ನು ‘ಕ್ಷೇತ್ರ’ವೆಂದು ಕನ್ನಡಿಸಿದರೆ ಮೂರು ತೊಡಕುಗಳು ಕೂಡುತ್ತವೆ. ಭೌತವಿಜ್ಞಾನದ ಕಾಂತಕ್ಷೇತ್ರವೂ ಕ್ಷೇತ್ರವೇ. ಭಾರತೀಯ ಗಣಿತದಲ್ಲಿ ಕ್ಷೇತ್ರವೆಂದರೆ ಸಮತಲಾಕೃತಿ, ‘ಕ್ಷೇತ್ರಫಲ’ ಎಂಬಲ್ಲಿ ಇಂದಿಗೂ ಉಳಿದಿರುವ ಅರ್ಥ. ಮೂಲದ ಶರೀರಕಲ್ಪನೆಯಂತೂ ಹೊರಗೇ ಉಳಿಯುತ್ತದೆ. ಕನ್ನಡದಲ್ಲಿ ಗಣಿತವನ್ನು ಬರೆದ 12ನೆಯ ಶತಮಾನದ ರಾಜಾದಿತ್ಯನ ಕೃತಿಗಳಲ್ಲಿ ‘ಕ್ಷೇತ್ರಗಣಿತ’ವೂ ಒಂದು ಎಂಬುದನ್ನು ನೆನೆದರೆ, ಆ ಪದದ ಹಳೆಯ ಹಕ್ಕು ಎಷ್ಟು ಗಟ್ಟಿಯೆಂದು ತಿಳಿಯುತ್ತದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಪರಿಭಾಷಾ ರಚನೆಗೆ ಕೆಲವು ಸೂತ್ರಗಳು ಹೊರಡುತ್ತವೆ. ಮೊದಲನೆಯದಾಗಿ, ಅಕಾರಾದಿಯಲ್ಲಿ ಒಂದೊಂದೇ ಇಂಗ್ಲಿಷ್ ಪದವನ್ನು ಎತ್ತಿಕೊಂಡು ಕನ್ನಡಿಸುವ ಕ್ರಮವನ್ನು ಬಿಟ್ಟು, ಪರಿಕಲ್ಪನೆಗಳ ಕುಟುಂಬವನ್ನು ಒಟ್ಟಿಗೆ ಹೆಸರಿಸಬೇಕು. ಒಂದೇ ಇಂಗ್ಲಿಷ್ ಹೆಸರನ್ನು ಎಲ್ಲಿ ಒಡೆಯಬೇಕು, ಎಲ್ಲಿ ಒಡೆಯಬಾರದು ಎಂಬುದು ಆಗ ತಾನಾಗಿ ಗೋಚರಿಸುತ್ತದೆ. ಎರಡನೆಯದಾಗಿ, ಜೋಡಿಪದಗಳನ್ನು ಸ್ವೀಕರಿಸುವ ಮುನ್ನ ‘ಎರಡೂ ಹೌದು’, ‘ಎರಡೂ ಅಲ್ಲ’ ಎಂಬ ಸ್ಥಿತಿಗಳು ಸಾಧ್ಯವೇ ಎಂದು ಪರೀಕ್ಷಿಸಬೇಕು. ಸಾಧ್ಯವಾದರೆ ಅದನ್ನು ನಮೂದಿನಲ್ಲಿ ಹೇಳಬೇಕು. ಮೂರನೆಯದಾಗಿ, ವಿಶೇಷಣಸಹಿತವಾದ ಹೆಸರು ಕರ್ಮಧಾರಯದ ನ್ಯಾಯಕ್ಕೆ ಒಪ್ಪುತ್ತದೆಯೇ, ನಿಷೇಧವು ನಿರಾಕರಣೆಯೇ ಅಥವಾ ಸಡಿಲಿಕೆಯೇ ಎಂಬುದನ್ನು ವ್ಯಾಕರಣ ಬಲ್ಲವರು ನೋಡಿ ತಿಳಿಸಬೇಕು. ನಾಲ್ಕನೆಯದಾಗಿ, ಅನ್ವರ್ಥವು ಸುಳ್ಳಾಗುವ ಕಡೆ ಅನ್ವರ್ಥವನ್ನು ಹಟದಿಂದ ಸೃಷ್ಟಿಸುವುದಕ್ಕಿಂತ ಗ್ರೂಪ್, ರಿಂಗ್‌ಗಳಂತಹ ಎರವಲು ಪದವನ್ನು ಇಟ್ಟುಕೊಳ್ಳುವುದು ಲೇಸು. ಕನ್ನಡ ಓದುಗನಿಗೆ ‘ರಿಂಗ್’ ಎಂಬುದು ಪಾಣಿನಿಯ ‘ಘು’ವಿನಂತೆ, ಅದು ಏನನ್ನೂ ಹೇಳುವುದಿಲ್ಲ, ಆದ್ದರಿಂದ ತಪ್ಪನ್ನೂ ಹೇಳುವುದಿಲ್ಲ.

ಮುಂದೆ ಇಂಗ್ಲಿಷಿನಲ್ಲಿಯೇ ಓದಬೇಕಾದ ವಿದ್ಯಾರ್ಥಿಗೆ ಇಂಗ್ಲಿಷಿನಿಂದ ಬೇರೆಯಾದ ಹೆಸರುಗಳ ವ್ಯವಸ್ಥೆ ಹೊರೆಯಾಗುವುದಿಲ್ಲವೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಇಂಗ್ಲಿಷ್ ಹೆಸರನ್ನು ಕನ್ನಡ ಲಿಪಿಯಲ್ಲಿ ಜೊತೆಗೇ ಕೊಡುವುದರಿಂದ ಆ ಹೊರೆ ಕಡಿಮೆಯಾಗುತ್ತದೆ. ಎರಡು ಭಾಷೆಗಳಲ್ಲಿ ಎರಡು ಬಗೆಯ ಹೆಸರುಗಳನ್ನು ಕಂಡ ವಿದ್ಯಾರ್ಥಿಗೆ ಹೆಸರು ಬೇರೆ, ವಸ್ತು ಬೇರೆ ಎಂಬ ತಿಳಿವಳಿಕೆ ಬೇಗ ಬರುತ್ತದೆ. ಒಂದೇ ಭಾಷೆಯಲ್ಲಿ ಕಲಿತವನು ಅದನ್ನು ತಡವಾಗಿ, ತಪ್ಪುಗಳ ಮೂಲಕ ಕಲಿಯಬೇಕಾಗುತ್ತದೆ.

ಹೆಸರಿನ ಒಡಂಬಡಿಕೆಯನ್ನು ಮೊದಲೇ ಹೇಳಿ ಶಾಸ್ತ್ರವನ್ನು ಆರಂಭಿಸುವ ಕ್ರಮ ಕನ್ನಡನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಮೊದಲ ಅಧ್ಯಾಯದ ಹೆಸರೇ ಸಂಜ್ಞಾಧಿಕಾರ. ಕ್ಷೇತ್ರ, ಕಾಲ, ಧಾನ್ಯ, ಸುವರ್ಣ ಮುಂತಾದವುಗಳ ಪರಿಭಾಷೆಯನ್ನು ನಿಶ್ಚಯಿಸಿದ ಮೇಲೆಯೇ ಅವನು ಲೆಕ್ಕಕ್ಕೆ ಕೈಹಾಕುತ್ತಾನೆ. ಇಂದಿನ ಉನ್ನತ ಗಣಿತದ ಕನ್ನಡ ಗ್ರಂಥವೊಂದು ಯಾವ ಪದವನ್ನು ಬಳಸಿದರೂ, ತಾನು ಅದನ್ನು ಯಾವ ಅರ್ಥದಲ್ಲಿ ಬಳಸುತ್ತಿದೆ, ಯಾರ ಸಂಪ್ರದಾಯವನ್ನು ಅನುಸರಿಸುತ್ತಿದೆ, ಎಲ್ಲಿ ಲೋಕಾರ್ಥವನ್ನು ಬಿಟ್ಟಿದೆ ಎಂಬುದನ್ನು ಇಂತಹ ಒಂದು ಸಂಜ್ಞಾಧಿಕಾರದಲ್ಲಿ ಹೇಳಿ ಮುಂದುವರಿಯಬೇಕು. ಅದನ್ನು ಬರೆಯಲು ಗಣಿತಜ್ಞ ಒಬ್ಬನೇ ಸಾಲದು. ಪದಗಳ ಸಂಬಂಧಗಳನ್ನು ಬಲ್ಲ ಭಾಷಾಧ್ಯಾಪಕನೂ ಜೊತೆಗಿರಬೇಕು.